ಔಷಧಿ ಸಿಂಪಡಣೆಯ ಸಣ್ಣ ಎಂಜಿನ್ನಿಗೆ ವಿದ್ಯುತ್ ಇಂಧನ ಪಂಪು: ಯಾವಾಗ ಬೇಕು, ಹೇಗೆ ಅಳವಡಿಸಬೇಕು?

ಅಡಿಕೆ ಬೆಳೆಗಾರರಿಗೆ ಮುಂಗಾರಿನ ಮುಂಚಿನ ಔಷಧಿ ಸಿಂಪಡಣೆಯಷ್ಟು ಅವಸರದ ಕೆಲಸ ಇನ್ನೊಂದಿಲ್ಲ. ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅವರ ಅಧ್ಯಯನ 1910ರಲ್ಲೇ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಈ ರೋಗಕ್ಕೆ ಬೋರ್ಡೋ ದ್ರಾವಣವೇ ಮುಖ್ಯ ಆಸರೆ. ಶೇಕಡಾ 1ರ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ಸುಮಾರು 40ರಿಂದ 45 ದಿನಗಳ ನಂತರ, ಮಳೆ ಬಿಡುವು ಕೊಟ್ಟಾಗ. ಇವು ನಮ್ಮ ಬೆಳೆಗಾರರೆಲ್ಲರಿಗೂ ತಿಳಿದ ವಿಷಯಗಳೇ.

ಆದರೆ ದ್ರಾವಣ ಸರಿಯಾಗಿ ತಯಾರಾಗಿ, ಕೊನೆಗಾರ ಮರವೇರಿ ನಿಂತಿರುವಾಗ ಕೆಳಗಿನ ಎಂಜಿನ್ ನಿಂತುಹೋದರೆ? ಮರದ ಮೇಲಿನವನು ಕಾಯಬೇಕು. ಕಲಸಿದ ದ್ರಾವಣವನ್ನು ಅಂದೇ ಬಳಸಬೇಕು, ನಾಳೆಗೆ ಇಟ್ಟರೆ ಅದರ ಗುಣ ಕೆಡುತ್ತದೆ. ಮೋಡ ಮಾತ್ರ ಯಾರಿಗೂ ಕಾಯುವುದಿಲ್ಲ. ಇಂಥ ತೊಂದರೆ ಒಂದೆರಡು ಬಾರಿ ಆದಮೇಲೆ ಬೆಳೆಗಾರರು, "ಎಂಜಿನ್ನಿಗೆ ಒಂದು ವಿದ್ಯುತ್ ಇಂಧನ ಪಂಪು ಹಾಕಿಸಿದರೆ ಹೇಗೆ?" ಎಂದು ಕೇಳುವುದು ಸಹಜ. ಪಂಪು ಕೆಲವು ಕಡೆ ನಿಜವಾಗಿ ಉಪಯುಕ್ತ. ಆದರೆ ಎಲ್ಲ ಎಂಜಿನ್ನಿಗೂ ಒಂದೇ ರೀತಿಯಲ್ಲಿ ಹಾಕಿದರೆ ಎಂಜಿನ್ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ. ಯಾವ ಎಂಜಿನ್ನಿಗೆ ಯಾವ ರೀತಿ ಸರಿ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಲೇಖನ ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಸಂಬಂಧಿಸಿದ್ದು. ಡೀಸೆಲ್ ಎಂಜಿನ್ನಿನ ಇಂಧನ ವ್ಯವಸ್ಥೆ ಬೇರೆ.

ಪೆಟ್ರೋಲ್ ಹೇಗೆ ಹರಿಯುತ್ತದೆ?

ಸಿಂಪಡಣೆಗೆ ಬಳಸುವ 3ರಿಂದ 5 ಅಶ್ವಶಕ್ತಿಯ ಒಂದು ಸಿಲಿಂಡರಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ ಇರುತ್ತದೆ. ಪೆಟ್ರೋಲ್ ತನ್ನ ಭಾರದಿಂದಲೇ ಇಳಿದು ಬರುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದು ತೇಲುಗುಂಡು ಇದೆ. ಬಟ್ಟಲು ತುಂಬಿದಾಗ ತೇಲುಗುಂಡು ಮೇಲೆದ್ದು, ಒಂದು ಸಣ್ಣ ಸೂಜಿಯನ್ನು ಒತ್ತಿ ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಮನೆಯ ನೀರಿನ ತೊಟ್ಟಿಯಲ್ಲಿರುವ ತೇಲುಗುಂಡಿನ ನಲ್ಲಿಯೂ ಇದೇ ರೀತಿ ಕೆಲಸ ಮಾಡುತ್ತದೆ.

ಈ ಸೂಜಿ ಎಷ್ಟು ಒತ್ತಡವನ್ನು ತಡೆಯಬಲ್ಲದು ಎಂಬುದೇ ಇಡೀ ವಿಷಯದ ತಿರುಳು. ಪೆಟ್ರೋಲಿನ ಸಾಂದ್ರತೆ ನೀರಿನ ಮುಕ್ಕಾಲು ಭಾಗದಷ್ಟು. 1 ಮೀಟರ್ ಎತ್ತರದಲ್ಲಿರುವ ಪೆಟ್ರೋಲ್ ಕೆಳಗೆ ಕೊಡುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 0.075 ಕಿ.ಗ್ರಾಂ. ನಮ್ಮ ಎಂಜಿನ್ನಿನ ಟ್ಯಾಂಕು ಕಾರ್ಬ್ಯುರೇಟರಿಗಿಂತ 20 ಸೆಂ.ಮೀ. ಮೇಲಿದ್ದರೆ ಒತ್ತಡ ಕೇವಲ 0.015 ಕಿ.ಗ್ರಾಂ. ಇಷ್ಟು ಕಡಿಮೆ ಒತ್ತಡದಲ್ಲೂ ಪೆಟ್ರೋಲ್ ಸಾಕಷ್ಟು ಹರಿಯಲೆಂದು ಸೂಜಿಯ ರಂಧ್ರವನ್ನು ದೊಡ್ಡದಾಗಿಯೇ ಮಾಡಿರುತ್ತಾರೆ. ರಂಧ್ರ ದೊಡ್ಡದಾದಷ್ಟೂ ಹೆಚ್ಚಿನ ಒತ್ತಡವನ್ನು ತಡೆಯುವ ಶಕ್ತಿ ಕಡಿಮೆ.

ಕಾರ್ಬ್ಯುರೇಟರ್ ಇರುವ ವಾಹನಗಳಿಗೆಂದು ಸಿಗುವ ಕಡಿಮೆ ಒತ್ತಡದ ವಿದ್ಯುತ್ ಪಂಪುಗಳು ಚದರ ಸೆಂ.ಮೀ.ಗೆ ಸುಮಾರು 0.1ರಿಂದ 0.3 ಕಿ.ಗ್ರಾಂ ಒತ್ತಡ ಕೊಡುತ್ತವೆ. ಅಂದರೆ ಟ್ಯಾಂಕಿನಿಂದ ತಾನಾಗಿ ಇಳಿಯುವ ಪೆಟ್ರೋಲಿನ ಒತ್ತಡಕ್ಕಿಂತ ಏಳರಿಂದ ಇಪ್ಪತ್ತು ಪಟ್ಟು ಹೆಚ್ಚು. ಸೂಜಿ ಸೋತರೆ ಬಟ್ಟಲು ಉಕ್ಕುತ್ತದೆ. ಉಕ್ಕಿದ ಪೆಟ್ರೋಲ್ ಹೊರಗೆ ಸುರಿದು ಬಿಸಿ ಸೈಲೆನ್ಸರ್ ಮೇಲೆ ಬೀಳಬಹುದು. ಇಲ್ಲವೇ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗುಗಳ ಸಂದಿಯಿಂದ ಎಂಜಿನ್ ಆಯಿಲ್‌ಗೆ ಸೇರಬಹುದು. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗು, ಪಿಸ್ಟನ್ನುಗಳನ್ನು ಕಾಪಾಡುವ ಶಕ್ತಿ ಕಳೆದುಕೊಳ್ಳುತ್ತದೆ.

ಮೊದಲು ನೋಡಬೇಕಾದದ್ದು

ಎಂಜಿನ್ ಪದೇ ಪದೇ ನಿಲ್ಲುವುದಕ್ಕೆ ಪಂಪು ಇಲ್ಲದಿರುವುದು ಕಾರಣವಾಗಿರುವುದು ಅಪರೂಪ. ಹಣ ಖರ್ಚು ಮಾಡುವ ಮುನ್ನ ಈ ಕೆಳಗಿನವನ್ನು ಪರೀಕ್ಷಿಸಿರಿ.

1. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿದೆ. ದೂಳು ಅಥವಾ ಬೋರ್ಡೋ ದ್ರಾವಣದ ಹನಿ ಒಣಗಿ ಅದು ಮುಚ್ಚಿಹೋದರೆ, ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ನಿಂತ ಎಂಜಿನ್ ಆರಿದ ಮೇಲೆ ಮುಚ್ಚಳ ಸಡಿಲಿಸಿ ಮತ್ತೆ ಚಾಲೂ ಮಾಡಿರಿ. ಸರಿಯಾಗಿ ಓಡಿದರೆ ದೋಷ ಮುಚ್ಚಳದ್ದೇ.

2. ನಲ್ಲಿಯ ಕೆಳಗಿನ ಕಸದ ಬಟ್ಟಲು ಮತ್ತು ಜರಡಿಯನ್ನು ಬಿಚ್ಚಿ ತೊಳೆಯಿರಿ. ಅಲ್ಲಿ ನೀರು ಅಥವಾ ತುಕ್ಕು ನಿಂತಿದ್ದರೆ ಟ್ಯಾಂಕನ್ನೂ ಖಾಲಿ ಮಾಡಿ ಸ್ವಚ್ಛಗೊಳಿಸಬೇಕು.

3. ಎಂಜಿನ್ ಆರಿದಾಗ ಕಾರ್ಬ್ಯುರೇಟರ್ ಕಡೆಯ ಕೊಳವೆ ಬಿಚ್ಚಿ, ಅಳತೆಯ ಸೀಸೆಗೆ ಒಂದು ನಿಮಿಷ ಪೆಟ್ರೋಲ್ ಹಿಡಿಯಿರಿ. 5 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1.5ರಿಂದ 2 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ 25ರಿಂದ 33 ಮಿ.ಲೀ. ಸೀಸೆಗೆ 100 ಮಿ.ಲೀ. ಅಥವಾ ಹೆಚ್ಚು ಬಂದರೆ ಹರಿವು ಧಾರಾಳವಾಗಿದೆ. ಅಂಥ ಎಂಜಿನ್ನಿಗೆ ಪಂಪು ಹಾಕುವುದರಿಂದ ಏನೂ ಪ್ರಯೋಜನವಿಲ್ಲ. ದೋಷವನ್ನು ಕಾರ್ಬ್ಯುರೇಟರಿನ ಜೆಟ್, ಸ್ಪಾರ್ಕ್ ಪ್ಲಗ್ ಅಥವಾ ಗಾಳಿ ಶೋಧಕದಲ್ಲಿ ಹುಡುಕಬೇಕು.

4. ಇಳಿಜಾರಿನಲ್ಲಿ ಎಂಜಿನ್ ವಾಲಿ ನಿಂತಿದ್ದರೆ ಅದಕ್ಕೂ ಪಂಪು ಪರಿಹಾರವಲ್ಲ. ಸಣ್ಣ ಎಂಜಿನ್‌ಗಳಲ್ಲಿ ಆಯಿಲ್ ಚಿಮ್ಮಿಯೇ ಭಾಗಗಳಿಗೆ ತಲಪಬೇಕು. ವಾಲಿದಾಗ ಪೆಟ್ರೋಲಿಗಿಂತ ಆಯಿಲ್‌ನ ತೊಂದರೆಯೇ ದೊಡ್ಡದು. ಗಾಲಿಯ ಕೆಳಗೆ ಕಲ್ಲು ಕೊಟ್ಟು ಎಂಜಿನ್ನನ್ನು ಸಮಮಟ್ಟಕ್ಕೆ ತನ್ನಿರಿ.

5. ಬೆನ್ನಿಗೆ ಹಾಕುವ ಎರಡು ಸ್ಟ್ರೋಕಿನ ಸಿಂಪಡಣಾ ಯಂತ್ರ, ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಚೈನ್‌ಸಾಗಳಲ್ಲಿ ಸಾಮಾನ್ಯವಾಗಿ ಕಾರ್ಬ್ಯುರೇಟರಿನೊಳಗೇ ಒಂದು ಪುಟ್ಟ ಪೊರೆಯ ಪಂಪು ಇರುತ್ತದೆ. ಅವಕ್ಕೆ ಹೊರಗಿನಿಂದ ಪಂಪು ಹಾಕಲೇಬಾರದು.

ಪಂಪು ಬೇಕಾಗುವ ಸಂದರ್ಭಗಳು ಎರಡು

ಒಂದನೆಯದು: ಕಾರ್ಖಾನೆಯಿಂದಲೇ ಪಂಪಿನೊಂದಿಗೆ ಬಂದ ಎಂಜಿನ್. ಟ್ಯಾಂಕು ಕಾರ್ಬ್ಯುರೇಟರಿಗಿಂತ ಕೆಳಗಿರುವ ಕೆಲವು ದೊಡ್ಡ ಎಂಜಿನ್‌ಗಳಲ್ಲಿ, ಹೆಚ್ಚಾಗಿ ಎರಡು ಸಿಲಿಂಡರಿನವುಗಳಲ್ಲಿ, ಕ್ರ್ಯಾಂಕ್‌ಕೇಸಿನ ಗಾಳಿಯ ಮಿಡಿತದಿಂದ ನಡೆಯುವ ಪೊರೆಯ ಪಂಪು ಇರುತ್ತದೆ. ಪೊರೆ ಹರಿದು, ಬದಲಿ ಭಾಗ ಸಿಗದಿದ್ದಾಗ ವಿದ್ಯುತ್ ಪಂಪು ಹಾಕಬಹುದು. ಇವುಗಳ ಕಾರ್ಬ್ಯುರೇಟರ್ ಸ್ವಲ್ಪ ಒತ್ತಡ ತಡೆಯುವಂತೆಯೇ ತಯಾರಾಗಿರುತ್ತದೆ.

ಎರಡನೆಯದು: ಟ್ಯಾಂಕು ಮೇಲಿರುವ ಸಾಮಾನ್ಯ ಎಂಜಿನ್ನಿಗೆ ದಿನದ ಕೆಲಸಕ್ಕೆ ಸಾಲುವಷ್ಟು ಪೆಟ್ರೋಲನ್ನು ಗಾಡಿಯ ಕೆಳಭಾಗದಲ್ಲಿ ದೊಡ್ಡ ಡಬ್ಬಿಯಲ್ಲಿಡಬೇಕಾದಾಗ. 3 ಲೀಟರಿನ ಟ್ಯಾಂಕು ಸುಮಾರು ಎರಡು ಗಂಟೆಯಲ್ಲಿ ಖಾಲಿಯಾಗುತ್ತದೆ. ಜಾರುವ ಇಳಿಜಾರಿನಲ್ಲಿ, ಜಿನುಗು ಮಳೆಯಲ್ಲಿ, ಡಬ್ಬಿ ಎತ್ತಿ ಸುರಿಯುವಾಗಲೇ ಪೆಟ್ರೋಲ್ ಚೆಲ್ಲುವುದು, ನೀರು ಸೇರುವುದು.

ಈ ಎರಡಕ್ಕೂ ವಿಧಾನ ಬೇರೆ ಬೇರೆ. ಒಂದರ ವಿಧಾನವನ್ನು ಇನ್ನೊಂದಕ್ಕೆ ಬಳಸಬಾರದು.

ಪಂಪಿನ ಆಯ್ಕೆ

12 ವೋಲ್ಟಿನ, ಕಾರ್ಬ್ಯುರೇಟರ್ ಎಂಜಿನ್ನಿಗೆಂದೇ ಮಾಡಿದ, ಕಡಿಮೆ ಒತ್ತಡದ ಪಂಪು ಕೊಳ್ಳಬೇಕು. ಮೇಲೆ ಒತ್ತಡದ ಅಂಕಿ ಬರೆದಿರಬೇಕು. ಒತ್ತಡವನ್ನು ಪಿ.ಎಸ್.ಐ.ನಲ್ಲಿ ನಮೂದಿಸಿದ್ದರೆ 1 ಪಿ.ಎಸ್.ಐ. ಎಂದರೆ ಚದರ ಸೆಂ.ಮೀ.ಗೆ 0.07 ಕಿ.ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳಿರಿ. 1.5ರಿಂದ 4 ಪಿ.ಎಸ್.ಐ.ನದು ಸಾಕು.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಮೋಟಾರ್‌ಸೈಕಲ್ಲುಗಳಿಗೂ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಅವುಗಳ ಟ್ಯಾಂಕಿನೊಳಗಿನ ಪಂಪು ಗುಜರಿಯಲ್ಲಿ ಅಗ್ಗಕ್ಕೆ ಸಿಗಬಹುದು. ಅದರ ಒತ್ತಡ ಚದರ ಸೆಂ.ಮೀ.ಗೆ ಸುಮಾರು 3 ಕಿ.ಗ್ರಾಂ. ಅಂದರೆ ನಮ್ಮ ಟ್ಯಾಂಕಿನ ಒತ್ತಡದ ಇನ್ನೂರು ಪಟ್ಟು. ಯಾರು ಹೇಳಿದರೂ ಅದನ್ನು ಬಳಸಬೇಡಿ. ಹಾಗೆಯೇ ಬ್ಯಾಟರಿ ಸಿಂಪಡಣಾ ಯಂತ್ರದ ನೀರಿನ ಪಂಪನ್ನೂ ಪೆಟ್ರೋಲಿಗೆ ಬಳಸಕೂಡದು. ಅದರ ರಬ್ಬರು ಪೆಟ್ರೋಲಿಗೆ ತಾಳುವುದಿಲ್ಲ, ಮೋಟಾರಿನಲ್ಲಿ ಕಿಡಿ ಏಳುತ್ತದೆ.

ಕೊಳವೆಯ ವಿಷಯದಲ್ಲಿಯೂ ಜಾಗ್ರತೆ ಅಗತ್ಯ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ 2025ರಲ್ಲಿ ಶೇಕಡಾ 20ರ ಮಟ್ಟ ಮುಟ್ಟಿದೆ. ಹಳೆಯ ರಬ್ಬರು ಇದರಿಂದ ಉಬ್ಬಿ ಬಿರುಕು ಬಿಡಬಹುದು. ಎಥನಾಲ್ ತಾಳುವ ಇಂಧನ ಕೊಳವೆಯನ್ನೇ ಕೇಳಿ ತನ್ನಿರಿ. ಒಳಅಳತೆ 6 ಮಿ.ಮೀ. ಇರಲಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಕೊಳವೆ ಕೆಲವೇ ದಿನಗಳಲ್ಲಿ ಗಡುಸಾಗಿ ಜೋಡಣೆಯಲ್ಲಿ ಸೋರುತ್ತದೆ. ಪ್ರತಿ ಜೋಡಣೆಗೂ ಕ್ಲಿಪ್ಪು ಹಾಕಬೇಕು, ತಂತಿ ಸುತ್ತಬಾರದು.

ಮೊದಲ ವಿಧಾನ: ಪಂಪಿನೊಂದಿಗೆ ಬಂದ ಎಂಜಿನ್ನಿಗೆ

ಹಳೆಯ ಪಂಪನ್ನು ತೆಗೆದಾಗ ಕ್ರ್ಯಾಂಕ್‌ಕೇಸಿನಿಂದ ಅದಕ್ಕೆ ಬರುತ್ತಿದ್ದ ಗಾಳಿಯ ರಂಧ್ರವನ್ನು ಭದ್ರವಾಗಿ ಮುಚ್ಚಬೇಕು. ಬಿಟ್ಟರೆ ಅಲ್ಲಿಂದ ಆಯಿಲ್ ಎರಚುತ್ತದೆ, ದೂಳು ಒಳಗೆ ಸೇರುತ್ತದೆ.

ಹೊಸ ಪಂಪನ್ನು ಟ್ಯಾಂಕಿನ ಹತ್ತಿರ, ಆದಷ್ಟೂ ಟ್ಯಾಂಕಿನ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇಡಿರಿ. ಈ ಪಂಪುಗಳು ಚೆನ್ನಾಗಿ ತಳ್ಳುತ್ತವೆ, ಎಳೆಯುವ ಶಕ್ತಿ ಕಡಿಮೆ. ಮೇಲಕ್ಕೆ ಎಳೆಯುವಂತೆ ಇಟ್ಟರೆ ಬಿಸಿಲಿನಲ್ಲಿ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಹರಿವು ಕಡಿಯುತ್ತದೆ. ಸೈಲೆನ್ಸರಿನಿಂದ ದೂರವಿರಲಿ. ಪಂಪಿನ ಮೇಲಿನ ಬಾಣದ ಗುರುತು ಕಾರ್ಬ್ಯುರೇಟರ್ ಕಡೆಗಿರಬೇಕು.

ಜೋಡಣೆಯ ಕ್ರಮ ಹೀಗಿರಲಿ: ಟ್ಯಾಂಕು, ನಲ್ಲಿ, ಜರಡಿಯ ಶೋಧಕ, ಪಂಪು, ಒತ್ತಡ ನಿಯಂತ್ರಕ, ಕಾರ್ಬ್ಯುರೇಟರ್. ಶೋಧಕ ಪಂಪಿಗಿಂತ ಮೊದಲೇ ಇರಬೇಕು. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಪಂಪಿನ ಕವಾಟ ಮುಚ್ಚಿಕೊಳ್ಳುವುದಿಲ್ಲ. ನಿಯಂತ್ರಕವನ್ನು ಚದರ ಸೆಂ.ಮೀ.ಗೆ ಸುಮಾರು 0.1 ಕಿ.ಗ್ರಾಂಗೆ ಹೊಂದಿಸಿ. ಎಂಜಿನ್ನಿನ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿರಿ.

ಎಂಜಿನ್ ನಿಂತೊಡನೆ ಪಂಪು ನಿಲ್ಲಬೇಕು

ಇದು ಈ ವಿಧಾನದ ಜೀವಾಳ. ಕೊಳವೆ ಕಳಚಿಯೋ, ತೇಲುಗುಂಡು ಸಿಕ್ಕಿಕೊಂಡೋ ಎಂಜಿನ್ ನಿಂತಿತೆನ್ನಿ. ಪಂಪು ಮಾತ್ರ ಓಡುತ್ತಲೇ ಇದ್ದರೆ ಅದು ನಿಮಿಷಕ್ಕೆ ಒಂದು ಲೀಟರಿನಂತೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯಬಲ್ಲದು. ಕೈಯಿಂದ ಆರಿಸುವ ಸ್ವಿಚ್ಚನ್ನೇ ನಂಬಿ ಕೂರುವಂತಿಲ್ಲ. ಸಿಂಪಡಿಸುವವನು ಎಂಜಿನ್ನಿನಿಂದ ನೂರಾರು ಅಡಿ ಕೊಳವೆಯ ಆಚೆ ಇರುತ್ತಾನೆ.

ಆಯಿಲ್ ಪಂಪು ಇರುವ ಎಂಜಿನ್ನಿನಲ್ಲಿ ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕ ಇಂಧನ ಪಂಪಿಗೆ ವಿದ್ಯುತ್ ಕೊಡಬೇಕು. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಆಯಿಲ್ ಒತ್ತಡ, ಒತ್ತಡವಿದ್ದರೆ ಮಾತ್ರ ಪಂಪು. ಇಲ್ಲೊಂದು ಎಚ್ಚರಿಕೆ: ಎಚ್ಚರಿಕೆ ದೀಪಕ್ಕೆ ಬಳಸುವ ಆಯಿಲ್ ಸ್ವಿಚ್ಚು ಸಾಮಾನ್ಯವಾಗಿ ತಿರುವುಮುರುವು ಕೆಲಸ ಮಾಡುತ್ತದೆ. ಒತ್ತಡ ಇಲ್ಲದಾಗ ಅದು ವಿದ್ಯುತ್ ಹರಿಸುತ್ತದೆ. ಆದ್ದರಿಂದ ಒತ್ತಡ ಬಂದಾಗ ವಿದ್ಯುತ್ ಹರಿಸುವ ಸ್ವಿಚ್ಚನ್ನೇ ಕೇಳಿ ಕೊಳ್ಳಬೇಕು. ಆಯಿಲ್ ಪಂಪು ಇಲ್ಲದೆ ಬ್ಯಾಟರಿ ಚಾರ್ಜು ಮಾಡುವ ಸುರುಳಿ ಇರುವ ಎಂಜಿನ್ನಿನಲ್ಲಿ, ಆ ಸುರುಳಿಯಿಂದ ನಡೆಯುವ ರಿಲೇ ಒಂದನ್ನು ಆಟೋ ಎಲೆಕ್ಟ್ರಿಷಿಯನ್ ಅಳವಡಿಸಿಕೊಡಬಲ್ಲರು. ರಿಲೇಗೆ ವಿದ್ಯುತ್ ಸುರುಳಿಯ ಕಡೆಯಿಂದ ಬರಬೇಕು. ಬ್ಯಾಟರಿಯ ಕಡೆಯಿಂದ ಬಂದರೆ ಎಂಜಿನ್ ನಿಂತರೂ ಪಂಪು ನಿಲ್ಲುವುದಿಲ್ಲ. ಕಿಡಿ ಕೊಡುವ ಸುರುಳಿ ಅಥವಾ ಎಂಜಿನ್ ಆರಿಸುವ ತಂತಿಯಿಂದ ಎಂದಿಗೂ ವಿದ್ಯುತ್ ತೆಗೆಯಬಾರದು. ತೆಗೆದರೆ ಕಿಡಿಯೇ ಬರುವುದಿಲ್ಲ.

ಚಾಲೂ ಮಾಡುವ ಮುನ್ನ ಕೊಳವೆ ತುಂಬಲು ಒಂದು ಒತ್ತುಗುಂಡಿ ಇರಲಿ. ಬೆರಳು ತೆಗೆದೊಡನೆ ಅದು ಬಿಡುಗಡೆಯಾಗಬೇಕು.

ಎರಡನೆಯ ವಿಧಾನ: ಟ್ಯಾಂಕು ಮೇಲಿರುವ ಸಾಮಾನ್ಯ ಎಂಜಿನ್ನಿಗೆ

ನಮ್ಮ ಹೆಚ್ಚಿನ ತೋಟಗಾರರ ಎಂಜಿನ್ ಈ ಗುಂಪಿನದು. ಇಲ್ಲಿ ಪಂಪನ್ನು ನೇರವಾಗಿ ಕಾರ್ಬ್ಯುರೇಟರಿಗೆ ಜೋಡಿಸಬೇಡಿ. ಎಂಜಿನ್ನಿನ ಟ್ಯಾಂಕು ಇದ್ದಲ್ಲೇ ಇರಲಿ. ಕೆಳಗಿನ ಡಬ್ಬಿಯಿಂದ ಪೆಟ್ರೋಲನ್ನು ಆ ಟ್ಯಾಂಕಿಗೆ ಏರಿಸುವುದಷ್ಟೇ ಪಂಪಿನ ಕೆಲಸ. ಬಾವಿಯ ನೀರನ್ನು ಮೇಲಿನ ತೊಟ್ಟಿಗೆ ಏರಿಸಿ, ಅಲ್ಲಿಂದ ನಲ್ಲಿಗೆ ಬಿಟ್ಟಂತೆ. ಕಾರ್ಬ್ಯುರೇಟರಿಗೆ ಮೊದಲಿದ್ದ ಒತ್ತಡವೇ ಉಳಿಯುತ್ತದೆ.

ಇದಕ್ಕೆ ಟ್ಯಾಂಕನ್ನು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಬೇಡ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿ ಬೆಸುಗೆಯ ಕಿಡಿಗೆ ಸಿಡಿಯುತ್ತದೆ. ಇನ್ನೊಂದು ಹೊಸ ಮುಚ್ಚಳ ತಂದು ಅದಕ್ಕೆ ಎರಡು ಹಿತ್ತಾಳೆಯ ಮೊಲೆಕೊಳವೆಗಳನ್ನು ನಟ್ಟು, ವಾಷರುಗಳಿಂದ ಕೂರಿಸಿರಿ. ಒಂದು 6 ಮಿ.ಮೀ.ನದು, ಪೆಟ್ರೋಲ್ ಒಳಬರಲು. ಇನ್ನೊಂದು 8ರಿಂದ 10 ಮಿ.ಮೀ.ನದು, ಹೆಚ್ಚಾದದ್ದು ಡಬ್ಬಿಗೆ ಮರಳಲು. ಮರಳುವ ದಾರಿ ದೊಡ್ಡದಿದ್ದರೆ ಟ್ಯಾಂಕಿನಲ್ಲಿ ಒತ್ತಡ ಕೂಡುವುದಿಲ್ಲ. ಇದೇ ಕೊಳವೆಯಿಂದ ಟ್ಯಾಂಕಿಗೆ ಗಾಳಿಯೂ ಬರುವುದರಿಂದ, ಅದರ ಕೆಳತುದಿ ಡಬ್ಬಿಯ ಪೆಟ್ರೋಲಿನಲ್ಲಿ ಮುಳುಗದೆ ಮೇಲ್ಭಾಗದಲ್ಲೇ ಇರಬೇಕು. ಡಬ್ಬಿಯ ಮುಚ್ಚಳಕ್ಕೂ ಗಾಳಿಯ ರಂಧ್ರ ಬೇಕು. ಡಬ್ಬಿ ಲೋಹದ್ದಾಗಿರಲಿ. ಡಬ್ಬಿ ಮತ್ತು ಪಂಪಿನ ನಡುವೆ ಶೋಧಕ ಇಲ್ಲಿಯೂ ಬೇಕು.

ವಿದ್ಯುತ್ತಿಗೆ ಬೆನ್ನಿನ ಸಿಂಪಡಣಾ ಯಂತ್ರಗಳಲ್ಲಿರುವಂಥ 12 ವೋಲ್ಟಿನ, 7 ಅಥವಾ 8 ಆಂಪಿಯರ್-ಗಂಟೆಯ ಬ್ಯಾಟರಿ ಸಾಕು. ಪಂಪು ಎಳೆಯುವುದು 1ರಿಂದ 2 ಆಂಪಿಯರ್. ಗಂಟೆಗೆ 60 ಲೀಟರ್ ಎತ್ತುವ ಪಂಪಿಗೆ 3 ಲೀಟರ್ ಏರಿಸಲು ಮೂರೇ ನಿಮಿಷ. ಹೀಗಾಗಿ ಒಮ್ಮೆ ಚಾರ್ಜು ಮಾಡಿದ ಬ್ಯಾಟರಿ ಹಲವು ದಿನ ಬರುತ್ತದೆ. ಬ್ಯಾಟರಿಯ ಧನ ತುದಿಯ ಹತ್ತಿರವೇ 5 ಆಂಪಿಯರಿನ ಫ್ಯೂಸು ಹಾಕಿ, 1.5 ಚದರ ಮಿ.ಮೀ. ತಾಮ್ರದ ತಂತಿ ಬಳಸಿರಿ. ಸ್ವಿಚ್ಚಿನ ಬದಲು ಒತ್ತುಗುಂಡಿಯನ್ನೇ ಹಾಕಬೇಕು. ಬೆರಳು ಇರುವವರೆಗೆ ಮಾತ್ರ ಪಂಪು ಓಡುತ್ತದೆ. ಮರೆತು ಬಿಟ್ಟುಹೋಗುವ ಮಾತೇ ಇಲ್ಲ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ತಂಗುತ್ತದೆ. ಆದ್ದರಿಂದ ಬ್ಯಾಟರಿ ಮತ್ತು ಗುಂಡಿಯನ್ನು ಡಬ್ಬಿಯಿಂದ ದೂರ, ಎತ್ತರದಲ್ಲಿ ಕೂರಿಸಿರಿ. ಪೆಟ್ರೋಲ್ ಏರಿಸುವಾಗ ಎಂಜಿನ್ ಆರಿಸಿ, ಕೆಲವು ನಿಮಿಷ ತಣಿಯಲು ಬಿಡಿ. ಮುಂದಿನ ಪೀಪಾಯಿ ದ್ರಾವಣ ಕಲಸುವ ಹೊತ್ತು, ಕೊನೆಗಾರ ಮರದಿಂದಿಳಿದು ಚಹಾ ಕುಡಿಯುವ ಹೊತ್ತು ಇದಕ್ಕೆ ತಕ್ಕದ್ದು. ಹೀಗೆ ಮಾಡಿದರೆ ಅವನು ಮರದ ಮೇಲಿರುವಾಗ ಪೆಟ್ರೋಲ್ ತೀರುವುದಿಲ್ಲ.

ತೋಟಕ್ಕೆ ಒಯ್ಯುವ ಮುನ್ನ ಪರೀಕ್ಷೆ

ಜೋಡಣೆ ಮುಗಿದ ಮೇಲೆ ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ ಪರೀಕ್ಷಿಸಿರಿ.

1. ಎಂಜಿನ್ ನಿಂತಿರುವಾಗ ಗುಂಡಿ ಒತ್ತಿ. ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ತೇವ ಕಾಣಬಾರದು.

2. ಮೊದಲ ವಿಧಾನದಲ್ಲಿ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿದರೂ ಕಾರ್ಬ್ಯುರೇಟರಿನಿಂದ ಒಂದು ಹನಿಯೂ ಬೀಳಬಾರದು. ಬಿದ್ದರೆ ಒತ್ತಡ ತಗ್ಗಿಸಿ ಅಥವಾ ಸೂಜಿ ಬದಲಿಸಿರಿ.

3. ಎಂಜಿನ್ ಓಡುತ್ತಿರುವಾಗ ಆರಿಸಿರಿ. ಪಂಪಿನ ಸದ್ದು ಕೆಲವೇ ಕ್ಷಣದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ಎಂಜಿನ್ ತೋಟಕ್ಕೆ ಹೋಗಬಾರದು.

4. ಪೂರ್ಣ ಒತ್ತಡದಲ್ಲಿ ಬರಿ ನೀರನ್ನು ಅರ್ಧ ಗಂಟೆ ಸಿಂಪಡಿಸಿ ನೋಡಿರಿ. ಎಂಜಿನ್ ತಣಿದ ನಂತರ ಆಯಿಲ್ ಕಡ್ಡಿ ತೆಗೆದು ಮೂಸಿರಿ. ಆಯಿಲ್ ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಇದ್ದರೆ ಬಟ್ಟಲು ಉಕ್ಕುತ್ತಿದೆ ಎಂದು ತಿಳಿಯಬೇಕು. ದೋಷ ಸರಿಪಡಿಸಿ ಆಯಿಲ್ ಬದಲಿಸಿದ ಮೇಲೆಯೇ ಮತ್ತೆ ಓಡಿಸಿರಿ.

ಹಂಗಾಮು ಮುಗಿದ ಮೇಲೆ

ಸಿಂಪಡಣೆಯ ಎಂಜಿನ್ ವರ್ಷದಲ್ಲಿ ಹಲವು ತಿಂಗಳು ಕೊಟ್ಟಿಗೆಯಲ್ಲಿ ಸುಮ್ಮನೆ ಕೂರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಅದು ಎಥನಾಲಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪೆಟ್ರೋಲ್ ನಿಂತಲ್ಲೇ ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಆದ್ದರಿಂದ ಕೊನೆಯ ಸಿಂಪಡಣೆಯ ದಿನವೇ ಡಬ್ಬಿ, ಟ್ಯಾಂಕು, ಕೊಳವೆ, ಪಂಪುಗಳನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿರಿ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿರಿ. ಏಪ್ರಿಲ್ ತಿಂಗಳಲ್ಲಿ ಕೊಳವೆಗಳನ್ನು ಬಾಗಿಸಿ ನೋಡಿ, ಬಿರುಕು ಕಂಡದ್ದನ್ನು ಬದಲಿಸಿರಿ. ಮೇ ಕೊನೆಯಲ್ಲಿ ಅಂಗಡಿಗೆ ಓಡುವ ಪ್ರಮೇಯ ಬರುವುದಿಲ್ಲ.

ನೆನಪಿಡಬೇಕಾದ ಅಂಶಗಳು

• ಮುಚ್ಚಳದ ರಂಧ್ರ, ಜರಡಿ, ಹರಿವು, ಈ ಮೂರನ್ನು ನೋಡದೆ ಪಂಪು ಕೊಳ್ಳಬೇಡಿ.

• ಪಂಪಿನೊಂದಿಗೆ ಬಂದ ಎಂಜಿನ್ನಿಗೆ ಮಾತ್ರ ಕಾರ್ಬ್ಯುರೇಟರಿಗೆ ನೇರ ಜೋಡಣೆ. ಅದೂ ಒತ್ತಡ ನಿಯಂತ್ರಕದೊಂದಿಗೆ.

• ಟ್ಯಾಂಕು ಮೇಲಿರುವ ಎಂಜಿನ್ನಿನಲ್ಲಿ ಪಂಪು ಟ್ಯಾಂಕಿಗೆ ಪೆಟ್ರೋಲ್ ಏರಿಸಲಿ, ಕಾರ್ಬ್ಯುರೇಟರಿನ ಗೊಡವೆ ಅದಕ್ಕೆ ಬೇಡ.

• ಎಂಜಿನ್ ನಿಂತರೆ ಅಥವಾ ಬೆರಳು ತೆಗೆದರೆ ಪಂಪು ನಿಲ್ಲಲೇಬೇಕು.

ಈ ಕೆಲಸಗಳನ್ನು ಮಳೆಗಾಲಕ್ಕೆ ಒಂದು ತಿಂಗಳು ಮೊದಲೇ ಮುಗಿಸಿಕೊಂಡರೆ, ಬಿಸಿಲು ಬಿದ್ದ ದಿನ ಎಂಜಿನ್ ರಿಪೇರಿಗೆ ಕೂರದೆ ದ್ರಾವಣ ಕೊನೆಗೆ ಬೀಳುತ್ತದೆ. ವಿದ್ಯುತ್ ಜೋಡಣೆಯಲ್ಲಿ ಸಂದೇಹವಿದ್ದರೆ ಅನುಭವಿ ಆಟೋ ಎಲೆಕ್ಟ್ರಿಷಿಯನ್ ಅವರಿಂದಲೇ ಮಾಡಿಸಿರಿ. ಎಂಜಿನ್ನಿನ ಕೈಪಿಡಿಯೊಂದಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿಯೂ ವಿಚಾರಿಸಬಹುದು.